ವಿಶ್ವದ ಆದಿಯನ್ನರಸಿದ ಗುರು

1927ರ ಅಕ್ಟೋಬರ್ ತಿಂಗಳು. ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸಿನಲ್ಲಿ ಭೌತವಿಜ್ಞಾನಿಗಳ ಐದನೆಯ ಸಾಲ್ವೇ ಸಮ್ಮೇಳನ ನಡೆದಿತ್ತು. ಐನ್‌ಸ್ಟೈನ್, ಬೋರ್, ಪ್ಲಾಂಕ್, ಮೇರಿ ಕ್ಯೂರಿ ಮೊದಲಾದ ಘಟಾನುಘಟಿಗಳು ಒಂದೇ ಸೂರಿನಡಿ ನೆರೆದಿದ್ದ ದಿನಗಳವು. ಒಂದು ದಿನ ಅಲ್ಲಿನ ಲಿಯೋಪೋಲ್ಡ್ ಉದ್ಯಾನದ ಕಾಲುದಾರಿಯಲ್ಲಿ ಐನ್‌ಸ್ಟೈನರೊಡನೆ ಮೂವತ್ತಮೂರು ವರ್ಷ ವಯಸ್ಸಿನ ಒಬ್ಬ ಕಥೋಲಿಕ ಗುರು ಹೆಜ್ಜೆ ಹಾಕುತ್ತಿದ್ದರು. ಕೆಲವು ತಿಂಗಳ ಹಿಂದೆ ಅವರು ಬರೆದಿದ್ದ ಒಂದು ಪ್ರಬಂಧವನ್ನು ಐನ್‌ಸ್ಟೈನ್ ಓದಿದ್ದರು. ಗಣಿತದ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕಲಾಗದು ಎಂದು ಮೆಚ್ಚಿಕೊಂಡ ಅವರು, ಭೌತವಿಜ್ಞಾನದ ದೃಷ್ಟಿಯಿಂದ ಮಾತ್ರ ಅದು ತೀರಾ ಅಸಹ್ಯವಾದುದು ಎಂದುಬಿಟ್ಟರು.

ಜಗತ್ತಿನ ಅತ್ಯಂತ ಪ್ರಸಿದ್ಧ ವಿಜ್ಞಾನಿಯಿಂದ ಇಂಥ ಮಾತು ಕೇಳಿದ ಯುವಕನೊಬ್ಬ ಏನು ಮಾಡಬಹುದಿತ್ತು? ಈ ಯುವಕ ಮಾತು ಬೆಳೆಸಿದರು. ಆಮೇಲೆ ಟ್ಯಾಕ್ಸಿಯಲ್ಲಿ ಜೊತೆಗೆ ಕುಳಿತು ಹೋಗುವಾಗ, ದೂರದ ಗೆಲಾಕ್ಸಿಗಳ ವೇಗದ ಬಗ್ಗೆ ಖಗೋಳವೀಕ್ಷಕರು ಅಳೆದು ಹೇಳುತ್ತಿದ್ದ ಸಂಗತಿಗಳನ್ನು ವಿವರಿಸಿದರು. ಐನ್‌ಸ್ಟೈನರಿಗೆ ಆ ಸಂಗತಿಗಳ ಪರಿಚಯವೇ ಇದ್ದಂತಿರಲಿಲ್ಲ ಎಂದು ಮೂವತ್ತು ವರ್ಷಗಳ ಅನಂತರ ಅವರು ಯಾವ ಕಹಿಯೂ ಇಲ್ಲದೆ ನೆನೆದುಕೊಂಡಿದ್ದಾರೆ.

ಪ್ರಿಯ ಓದುಗರೇ, 'ಮಹಾಸ್ಫೋಟ' ಎಂಬ ಪದ ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆ ಸಿದ್ಧಾಂತದ ಮೊದಲ ರೂಪವನ್ನು ಕೊಟ್ಟ ಜಾರ್ಜ್ ಲೆಮೇತ್ರರ ಹೆಸರು ಮಾತ್ರ ಅಷ್ಟು ಪರಿಚಿತವಲ್ಲ. ಕ್ರೈಸ್ತರಾದ ನಾವು ಅವರನ್ನು ನೆನೆಯುವುದೂ ಬಹುಪಾಲು ವಾದದಲ್ಲಿ ಗೆಲ್ಲುವುದಕ್ಕಾಗಿ: "ನೋಡಿ, ಮಹಾಸ್ಫೋಟವನ್ನು ಕಂಡುಹಿಡಿದವರು ನಮ್ಮ ಗುರುಗಳೇ!" ಆದರೆ ಅವರ ಬದುಕನ್ನು ಹತ್ತಿರದಿಂದ ನೋಡಿದರೆ, ಇಂಥ ಗೆಲುವು ಅವರಿಗೆ ಬೇಕಿರಲಿಲ್ಲ ಎಂಬುದು ತಿಳಿಯುತ್ತದೆ.

ಲೆಮೇತ್ರರು ಹುಟ್ಟಿದ್ದು 1894ರ ಜುಲೈ 17ರಂದು, ಬೆಲ್ಜಿಯಂನ ಶಾರ್ಲರ್ವಾ ಎಂಬ ಕಲ್ಲಿದ್ದಲ ಸೀಮೆಯ ಊರಿನಲ್ಲಿ. ನಾಲ್ವರು ಗಂಡುಮಕ್ಕಳಲ್ಲಿ ಹಿರಿಯರು. ತಂದೆಯವರದು ಗಾಜಿನ ಕಾರ್ಖಾನೆ. ಅದು ಬೆಂಕಿಗೆ ಆಹುತಿಯಾದ ಮೇಲೆ ಕುಟುಂಬ ಬ್ರಸೆಲ್ಸಿಗೆ ಬಂತು. ಯೇಸುಸಭೆಯ ಗುರುಗಳ ಶಾಲೆಗಳಲ್ಲಿ ಓದಿದ ಬಾಲಕನಿಗೆ ಗುರುವಾಗುವ ಆಸೆಯೂ ವಿಜ್ಞಾನದ ಹಂಬಲವೂ ಒಟ್ಟೊಟ್ಟಿಗೇ ಮೂಡಿದ್ದವು. ಹದಿನೇಳರ ಹರೆಯದಲ್ಲಿ ಲೂವೆನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಸೇರಿದರು.

1914ರ ಆಗಸ್ಟಿನಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಅದೇ ತಿಂಗಳು ಲೂವೆನ್ನಿನ ಪ್ರಾಚೀನ ಗ್ರಂಥಾಲಯ ಸುಟ್ಟು ಬೂದಿಯಾಯಿತು. ಲೆಮೇತ್ರರು ಸ್ವಯಂಸೇವಕರಾಗಿ ಸೇನೆಗೆ ಸೇರಿ, ಐಸರ್ ನದಿಯ ಕಾಳಗದಲ್ಲಿ ಮೊದಲು ಕಾಲಾಳಾಗಿಯೂ ಮುಂದೆ ಫಿರಂಗಿದಳದಲ್ಲಿಯೂ ಹೋರಾಡಿದರು. ಯುದ್ಧ ಮುಗಿದಾಗ ಅವರಿಗೆ ಶೌರ್ಯಪದಕ ದೊರೆಯಿತು. ಕಂದಕದ ಕೆಸರಿನಲ್ಲಿ ಕುಳಿತು ಗಣಿತಜ್ಞ ಪ್ವಾಂಕಾರೆಯ ಪುಸ್ತಕಗಳನ್ನೂ ಆದಿಕಾಂಡವನ್ನೂ ಓದಿದ ಸೈನಿಕ ಅವರು. ಮರಳಿ ಬಂದವರು ಎಂಜಿನಿಯರಿಂಗನ್ನು ಕೈಬಿಟ್ಟರು. ಗಣಿತ ಮತ್ತು ಭೌತವಿಜ್ಞಾನಕ್ಕೆ ತಿರುಗಿ 1920ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಮಾಲೀನ್ ನಗರದ ಗುರುಮಠವನ್ನು ಸೇರಿದರು.

ಗುರುಮಠದ ಆ ದಿನಗಳ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1921ರಲ್ಲಿ ಅವರು, ಆದಿಕಾಂಡದಲ್ಲಿ ದೇವರು ನುಡಿಯುವ ಮೊದಲ ಮೂರು ಮಾತುಗಳನ್ನು ಅಂದಿನ ಭೌತವಿಜ್ಞಾನದ ಬೆಳಕಿನಲ್ಲಿ ವಿವರಿಸುವ ಒಂದು ಪ್ರಬಂಧ ಬರೆದರು. ಪವಿತ್ರ ಗ್ರಂಥದ 'ಬೆಳಕು' ಎಂದರೆ ವಿಜ್ಞಾನಿ ಹೇಳುವ ಬೆಳಕೇ ಎಂಬ ಧಾಟಿಯ ಬರಹವದು. ಅಂದರೆ, ಶ್ರೀಗ್ರಂಥದ ವಚನಕ್ಕೂ ವಿಜ್ಞಾನದ ಸೂತ್ರಕ್ಕೂ ಗಂಟುಹಾಕುವ ಆಸೆ ಒಂದು ಕಾಲಕ್ಕೆ ಅವರಲ್ಲಿಯೂ ಇತ್ತು. ಆ ದಾರಿಯಲ್ಲಿ ನಡೆದು ನೋಡಿ ಹಿಂದಿರುಗಿದವರು ಅವರು. ಮುಂದಿನ ಕಥೆಗೆ ಇದು ಮುಖ್ಯ.

1923ರ ಸೆಪ್ಟೆಂಬರ್ 22ರಂದು ಕಾರ್ಡಿನಲ್ ಮೆರ್ಸಿಯೇ ಅವರಿಂದ ಗುರುದೀಕ್ಷೆ ಪಡೆದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಗುರುಮಠದಲ್ಲಿದ್ದಾಗಲೇ ಸ್ವಂತ ಆಸಕ್ತಿಯಿಂದ ಕಲಿತು, ಅದರ ಮೇಲೆ ಬರೆದ ಪ್ರಬಂಧಕ್ಕೆ ವಿದ್ಯಾರ್ಥಿವೇತನವನ್ನೂ ಗಳಿಸಿದ್ದರು. ಆ ಬಲದ ಮೇಲೆ ಕೇಂಬ್ರಿಜ್‌ಗೆ ಹೋಗಿ ಆರ್ಥರ್ ಎಡಿಂಗ್ಟನ್ನರ ಬಳಿ ಒಂದು ವರ್ಷ ಕಳೆದರು. ಎಡಿಂಗ್ಟನ್ನರು ಕ್ವೇಕರ್ ಪಂಥದವರು. ಯುದ್ಧವೇ ಪಾಪವೆಂದು ನಂಬಿದವರು. ಶಿಷ್ಯರೋ ಫಿರಂಗಿದಳದಿಂದ ಬಂದ ಕಥೋಲಿಕ ಗುರು. ಈ ಜೋಡಿಯನ್ನು ನೆನೆದರೆ ನನಗೆ ಪ್ರತಿಬಾರಿಯೂ ಮುಗುಳ್ನಗೆ ಬರುತ್ತದೆ. ಅಲ್ಲಿಂದ ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹಾರ್ಲೋ ಶೇಪ್ಲಿಯವರ ಜೊತೆ ಕೆಲಸ ಮಾಡಿದರು. ಕಾಗದದ ಮೇಲಿನ ಸಮೀಕರಣದಷ್ಟೇ ದೂರದರ್ಶಕದ ಅಳತೆಗೂ ಬೆಲೆ ಕೊಡುವ ಅಭ್ಯಾಸ ಅವರಿಗೆ ಬಂದದ್ದು ಅಲ್ಲಿ. 1925ರಲ್ಲಿ ಲೂವೆನ್ನಿಗೆ ಮರಳಿ ಅಧ್ಯಾಪಕರಾದರು.

ಎರಡು ವರ್ಷಗಳ ಬಳಿಕ ಬಂದದ್ದು ನಾವು ಮೊದಲು ಪ್ರಸ್ತಾಪಿಸಿದ ಪ್ರಬಂಧ. ಅದರ ತಿರುಳನ್ನು ತಿಳಿಯಲು ಕ್ರಿಸ್ಮಸ್ ಕಾಲದ ನಮ್ಮ ಅಡುಗೆಮನೆಗೆ ಬನ್ನಿ. ಒಣದ್ರಾಕ್ಷಿ ಬೆರೆಸಿದ ಕೇಕಿನ ಹಿಟ್ಟು ಒಲೆಯ ಶಾಖಕ್ಕೆ ಉಬ್ಬುತ್ತಿದೆ. ಯಾವುದೇ ಒಂದು ದ್ರಾಕ್ಷಿಯ ಮೇಲೆ ಕುಳಿತು ನೋಡಿದರೂ ಉಳಿದ ದ್ರಾಕ್ಷಿಗಳೆಲ್ಲ ದೂರ ಸರಿಯುತ್ತಿರುವಂತೆ ಕಾಣುತ್ತದೆ. ಹತ್ತಿರದ್ದು ನಿಧಾನವಾಗಿ, ದೂರದ್ದು ವೇಗವಾಗಿ. ದ್ರಾಕ್ಷಿಗಳು ಓಡುತ್ತಿಲ್ಲ, ಹಿಟ್ಟು ಉಬ್ಬುತ್ತಿದೆ. ಗೆಲಾಕ್ಸಿಗಳ ಬೆಳಕು ಕೆಂಪಿನ ಕಡೆಗೆ ಸರಿದಿರುವುದನ್ನು ಖಗೋಳವಿಜ್ಞಾನಿಗಳು ಆಗಲೇ ಕಂಡಿದ್ದರು. ಆಕಾಶವೇ ಹಿಗ್ಗುತ್ತಿರುವುದು ಇದರ ಕಾರಣ ಎಂದು ಐನ್‌ಸ್ಟೈನರ ಸಮೀಕರಣಗಳಿಂದ ತೋರಿಸಿದವರು ಲೆಮೇತ್ರರು. 42 ಗೆಲಾಕ್ಸಿಗಳ ಅಳತೆಗಳನ್ನು ಹಿಡಿದು, ದೂರಕ್ಕೂ ವೇಗಕ್ಕೂ ಇರುವ ಅನುಪಾತವನ್ನೂ ಲೆಕ್ಕ ಹಾಕಿದರು: ಪ್ರತಿ ಮೆಗಾಪಾರ್ಸೆಕ್‌ಗೆ, ಅಂದರೆ ಸುಮಾರು 32.6 ಲಕ್ಷ ಬೆಳಕಿನ ವರ್ಷಗಳ ದೂರಕ್ಕೆ, ಸೆಕೆಂಡಿಗೆ 625 ಕಿಲೋಮೀಟರ್. ಆ ಕಾಲದ ದೂರದ ಅಂದಾಜುಗಳೇ ತಪ್ಪಿದ್ದುದರಿಂದ ಈ ಸಂಖ್ಯೆ ಇಂದು ಒಪ್ಪಿರುವ ಸುಮಾರು 70ಕ್ಕಿಂತ ಬಹಳ ದೊಡ್ಡದು. ಆದರೆ ನಿಯಮ ಸರಿಯಾಗಿತ್ತು.

ಹಿಗ್ಗುವ ವಿಶ್ವದ ಗಣಿತವನ್ನು ರಷ್ಯಾದ ಅಲೆಕ್ಸಾಂಡರ್ ಫ್ರೀಡ್ಮನ್ 1922ರಲ್ಲೇ ಬರೆದಿದ್ದರು. ಲೆಮೇತ್ರರಿಗೆ ಇದು ಗೊತ್ತಿರಲಿಲ್ಲ. ಐನ್‌ಸ್ಟೈನರ ಬಾಯಿಂದ ತಿಳಿಯುವಷ್ಟರಲ್ಲಿ ಫ್ರೀಡ್ಮನ್ ತೀರಿಕೊಂಡು ಎರಡು ವರ್ಷವಾಗಿತ್ತು. ಫ್ರೀಡ್ಮನ್ನರದು ಗಣಿತ, ಅದನ್ನು ನಿಜವಾದ ಆಕಾಶಕ್ಕೆ ಹೊಂದಿಸಿದ್ದು ಲೆಮೇತ್ರರ ಕೆಲಸ.

ಪ್ರಬಂಧವನ್ನು ಅವರು ಫ್ರೆಂಚಿನಲ್ಲಿ, ಬ್ರಸೆಲ್ಸಿನ ವಿಜ್ಞಾನ ಸಂಘವೊಂದರ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಹೊರದೇಶದಲ್ಲಿ ಅದನ್ನು ಓದುವವರೇ ಇರಲಿಲ್ಲ. 1929ರಲ್ಲಿ ಅಮೆರಿಕದ ಎಡ್ವಿನ್ ಹಬಲ್ ಅದೇ ಅನುಪಾತವನ್ನು ಹೊಸ ಅಳತೆಗಳಿಂದ ಪ್ರಕಟಿಸಿದರು, ಕೀರ್ತಿ ಅವರದಾಯಿತು. ಎಡಿಂಗ್ಟನ್ನರಿಗೆ ಶಿಷ್ಯನ ಪ್ರಬಂಧ ನೆನಪಾದದ್ದು, 1930ರಲ್ಲಿ ಶಿಷ್ಯನೇ ಪತ್ರ ಬರೆದು ಎಚ್ಚರಿಸಿದ ಮೇಲೆ. ಗುರುಗಳು ತಮ್ಮ ಮರೆವಿಗೆ ನಾಚಿ, ಅದರ ಇಂಗ್ಲಿಷ್ ಅನುವಾದ 1931ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಗುವಂತೆ ನೋಡಿಕೊಂಡರು. ವಿಚಿತ್ರವೆಂದರೆ, ಆ ಅನುವಾದದಲ್ಲಿ 625ರ ಲೆಕ್ಕವಿದ್ದ ಸಾಲುಗಳೇ ಕಾಣೆಯಾಗಿದ್ದವು! ಯಾರೋ ಬೇಕೆಂದೇ ಕತ್ತರಿಸಿದರೆಂಬ ಗುಮಾನಿ ಬಹುಕಾಲ ಇತ್ತು. 2011ರಲ್ಲಿ ಮಾರಿಯೋ ಲಿವಿಯೋ ಎಂಬ ಖಗೋಳವಿಜ್ಞಾನಿ ಹಳೆಯ ಕಡತಗಳನ್ನು ತೆರೆದಾಗ ಸಿಕ್ಕಿದ್ದು ಸ್ವತಃ ಲೆಮೇತ್ರರು ಸಂಪಾದಕರಿಗೆ ಬರೆದ ಪತ್ರ. ಅನುವಾದ ಮಾಡಿದವರೂ ಅವರೇ, ಕತ್ತರಿಸಿದವರೂ ಅವರೇ. ಆ ಹಳೆಯ ಅಂದಾಜು ತಾತ್ಕಾಲಿಕವಾದುದು, ಈಗ ಅದಕ್ಕಿಂತ ಒಳ್ಳೆಯ ಅಳತೆಗಳು ಬಂದಿವೆ, ಮತ್ತೆ ಅಚ್ಚು ಹಾಕುವ ಅಗತ್ಯವಿಲ್ಲ ಎಂಬುದು ಅವರ ಭಾವನೆಯಾಗಿತ್ತು.

ಇದನ್ನು ಸಂತಸಹಜ ವಿನಯವೆಂದು ಹೊಗಳಲು ನನಗೆ ಮನಸ್ಸಿಲ್ಲ. ಅದು ಕೆಲಸಗಾರನ ನೇರ ಬುದ್ಧಿ ಅಷ್ಟೇ: ಹಳೆಯ ಅಳತೆಗಿಂತ ಹೊಸದು ಮೇಲು, ಹಳೆಯದನ್ನು ಬಿಡು. ಆದರೆ ಅದರ ಬೆಲೆ ದೊಡ್ಡದಾಯಿತು. ಎಂಟು ದಶಕಗಳಿಗೂ ಮಿಕ್ಕಿ ಆ ನಿಯಮ ಹಬಲ್ ಒಬ್ಬರ ಹೆಸರಿನಲ್ಲೇ ಉಳಿಯಿತು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳವಿಜ್ಞಾನ ಒಕ್ಕೂಟ ತನ್ನ ಸದಸ್ಯರ ಮತ ಕೇಳಿತು. ಶೇಕಡಾ 78ರಷ್ಟು ಮಂದಿ ಒಪ್ಪಿ, ಅದನ್ನು 'ಹಬಲ್–ಲೆಮೇತ್ರ ನಿಯಮ' ಎಂದು ಕರೆಯಬೇಕೆಂದು ಒಕ್ಕೂಟ ಶಿಫಾರಸು ಮಾಡಿತು.

ಇಲ್ಲಿಯವರೆಗೆ ನಾವು ನೋಡಿದ್ದು ಹಿಗ್ಗುವ ವಿಶ್ವ. ಅದಕ್ಕೊಂದು ಆರಂಭವಿತ್ತೆಂದು 1927ರ ಪ್ರಬಂಧ ಹೇಳಿರಲಿಲ್ಲ. ಆ ಮಾತು ಬಂದದ್ದು 1931ರಲ್ಲಿ. ಈಗಿರುವ ಪ್ರಕೃತಿಯ ವ್ಯವಸ್ಥೆಗೆ ಒಂದು ಆದಿಯಿತ್ತೆಂಬ ಕಲ್ಪನೆಯೇ ತಮಗೆ ಹಿಡಿಸದು ಎಂದು ಎಡಿಂಗ್ಟನ್ ಆ ವರ್ಷದ ಮೊದಲಲ್ಲಿ ಹೇಳಿದರು. ನೆನಪಿಡಿ, ಎಡಿಂಗ್ಟನ್ ದೈವಭಕ್ತರು. ಲೆಮೇತ್ರರು 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರದಲ್ಲಿ ಉತ್ತರ ಬರೆದರು. ಮೇ 9ರ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಕಾಲದಲ್ಲಿ ಹಿಂದೆ ಹಿಂದೆ ಹೋದಂತೆ ಶಕ್ತಿಯ ತುಣುಕುಗಳ ಸಂಖ್ಯೆ ಕಡಿಮೆಯಾಗುತ್ತ, ಕೊನೆಗೆ ವಿಶ್ವದ ಸಮಸ್ತವೂ ಒಂದೇ ತುಣುಕಿನಲ್ಲಿ ಅಡಗಿದ ಸ್ಥಿತಿಗೆ ತಲುಪುತ್ತೇವೆ. ಆ ಒಂದು ಒಡೆದು ಹಲವಾದ ಮೇಲಷ್ಟೇ ಸ್ಥಳ, ಕಾಲ ಎಂಬ ಮಾತುಗಳಿಗೆ ಅರ್ಥ ಬರುತ್ತದೆ. ಮುಂದೆ ಅವರು ಇದಕ್ಕೆ 'ಆದಿಪರಮಾಣು' ಎಂಬ ಹೆಸರಿಟ್ಟರು.

ಆ ಪತ್ರದ ಬೆರಳಚ್ಚು ಪ್ರತಿ ಉಳಿದುಬಂದಿದೆ. ಅದರ ಕೊನೆಯಲ್ಲಿ ಅಚ್ಚಾಗದ ಒಂದು ಪರಿಚ್ಛೇದವಿದೆ. ಸಕಲವನ್ನೂ ಎತ್ತಿಹಿಡಿದಿರುವ ದೇವರನ್ನು ನಂಬುವವನು, ಆ ದೇವರು ಮರೆಯಲ್ಲಿರುವವನೆಂದೂ ನಂಬುತ್ತಾನೆ. ಇಂದಿನ ಭೌತವಿಜ್ಞಾನ ಸೃಷ್ಟಿಯ ಮೇಲೆ ಒಂದು ತೆರೆಯನ್ನು ಹೊದಿಸುತ್ತಿರುವುದನ್ನು ಕಂಡು ಅವನು ಸಂತೋಷಪಡಬಹುದು ಎಂಬುದು ಅದರ ಭಾವ. ಕಳುಹಿಸುವ ಮುನ್ನ ಲೆಮೇತ್ರರು ಅದಕ್ಕೆ ಗೀಟು ಎಳೆದುಬಿಟ್ಟರು. ಗಮನಿಸಿ, ವಿಜ್ಞಾನ ದೇವರನ್ನು ತೋರಿಸಿಕೊಟ್ಟಿತು ಎಂದು ಅವರು ಅಲ್ಲಿ ಬರೆದಿರಲಿಲ್ಲ. ವಿಜ್ಞಾನ ದೇವರನ್ನು ಇನ್ನಷ್ಟು ಮರೆಮಾಡಿತು ಎಂದು ಬರೆದಿದ್ದರು. ಅಷ್ಟನ್ನೂ ವಿಜ್ಞಾನದ ಪತ್ರಿಕೆಯಲ್ಲಿ ಹೇಳಬಾರದೆಂದು ಅವರಿಗೆ ತೋರಿತು.

ಗೀಟು ಎಳೆದರೂ ಗುಮಾನಿ ತಪ್ಪಲಿಲ್ಲ. ವಿಶ್ವ ಹಿಗ್ಗುತ್ತಿರುವುದನ್ನು ಐನ್‌ಸ್ಟೈನ್ ಆಮೇಲೆ ಒಪ್ಪಿಕೊಂಡರು. ಆದರೆ ಆದಿಪರಮಾಣುವಿನ ಮಾತೆತ್ತಿದೊಡನೆ, ಅದು ಬೇಡ, ಅದು ಸೃಷ್ಟಿಯನ್ನು ಅತಿಯಾಗಿ ಸೂಚಿಸುತ್ತದೆ ಎಂದು ತಡೆದರು. 1948ರಲ್ಲಿ ಇಂಗ್ಲೆಂಡಿನ ಫ್ರೆಡ್ ಹಾಯ್ಲ್ ಮತ್ತು ಸಂಗಡಿಗರು, ಆದಿಯೇ ಇಲ್ಲದ 'ಸ್ಥಿರಸ್ಥಿತಿ' ವಿಶ್ವದ ಸಿದ್ಧಾಂತವನ್ನು ಮುಂದಿಟ್ಟರು. ಮರುವರ್ಷ ಬಿಬಿಸಿ ರೇಡಿಯೋದಲ್ಲಿ ಮಾತನಾಡುತ್ತ, ತಾವು ಒಪ್ಪದ ಸಿದ್ಧಾಂತವನ್ನು 'ಬಿಗ್ ಬ್ಯಾಂಗ್' ಎಂದು ಕರೆದವರು ಹಾಯ್ಲರೇ. ಹೆಸರಿಟ್ಟವರು ವಿರೋಧಿ, ಹೆಸರು ಉಳಿಯಿತು. ಲೆಮೇತ್ರರ ಬಳಿ ಆಗ ಸುಲಭದ ಉತ್ತರವೂ ಇರಲಿಲ್ಲ. ಅಂದಿನ ವೇಗದ ಲೆಕ್ಕದಲ್ಲಿ ವಿಶ್ವದ ವಯಸ್ಸು 200 ಕೋಟಿ ವರ್ಷಕ್ಕಿಂತ ಕಡಿಮೆ ಬರುತ್ತಿತ್ತು, ಭೂಮಿಯ ಬಂಡೆಗಳು ಅದಕ್ಕಿಂತ ಹಳೆಯವು! ಐನ್‌ಸ್ಟೈನ್ ತಾವೇ ತಂದು ತಾವೇ ಕೈಬಿಟ್ಟ 'ವಿಶ್ವಸ್ಥಿರಾಂಕ'ವನ್ನು ಬಳಸಿ ಲೆಮೇತ್ರರು ಈ ತೊಡಕನ್ನು ಬಿಡಿಸಲು ನೋಡಿದರು. ಅದನ್ನು ಬಿಡಬೇಡಿರೆಂದು ಐನ್‌ಸ್ಟೈನರೊಡನೆ ವರ್ಷಗಟ್ಟಲೆ ವಾದಿಸಿದರು. 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿರುವುದು ಕಂಡುಬಂದ ಮೇಲೆ ಆ ಸ್ಥಿರಾಂಕ ಮತ್ತೆ ಮರ್ಯಾದೆ ಪಡೆಯಿತು.

ಇನ್ನೊಂದು ಕಡೆಯಿಂದ ಬಂದ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು. 1951ರ ನವೆಂಬರ್ 22ರಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು ರೋಮಿನ ವಿಜ್ಞಾನ ಅಕಾಡೆಮಿಯನ್ನು ಉದ್ದೇಶಿಸಿ ಮಾತನಾಡಿದರು. ಇಂದಿನ ವಿಜ್ಞಾನವು ಕೋಟ್ಯಂತರ ವರ್ಷಗಳನ್ನು ಹಿಂದಕ್ಕೆ ದಾಟಿ, ಆದಿಯಲ್ಲಿ ದೇವರು ಬೆಳಕಿಗಿತ್ತ ಅಪ್ಪಣೆಗೆ ಸಾಕ್ಷಿಯಾಗಿದೆ ಎಂಬರ್ಥದ ಮಾತುಗಳನ್ನಾಡಿದರು. ಕಥೋಲಿಕ ಲೋಕ ಹಿಗ್ಗಿತು. ಲೆಮೇತ್ರರು ಆ ಅಕಾಡೆಮಿಗೆ 1936ರಿಂದ ಸದಸ್ಯರು. ಅವರ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಯಾವುದು? ಅವರಾದರೋ ಕಳವಳಗೊಂಡರು.

ಓದುಗರಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ಯುವಜನರ ಕೂಟವೊಂದರಲ್ಲಿ ನಾನೂ ಒಮ್ಮೆ, ಆದಿಕಾಂಡದ ಮೊದಲ ಪುಟವನ್ನು ವಿಜ್ಞಾನ ಸಾಬೀತುಪಡಿಸಿದೆ ಎಂದು ಉತ್ಸಾಹದಿಂದ ಹೇಳಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು, "ನಾಳೆ ವಿಜ್ಞಾನಿಗಳು ಈ ಸಿದ್ಧಾಂತವನ್ನು ಬದಲಾಯಿಸಿದರೆ ನಮ್ಮ ದೇವರು ಏನಾಗುತ್ತಾರೆ, ಸರ್?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಲೆಮೇತ್ರರ ಬಗ್ಗೆ ಓದತೊಡಗಿದ್ದು ಆಮೇಲೆ.

ಅವರ ಕಳವಳಕ್ಕೆ ಕಾರಣ ಇದೇ ಪ್ರಶ್ನೆಯಾಗಿತ್ತು. ಆದಿಪರಮಾಣು ಇನ್ನೂ ಒಂದು ಊಹೆ. ಆಕಾಶ ನೋಡಿ ಒಪ್ಪಬೇಕಾದದ್ದು ಅಥವಾ ತಿರಸ್ಕರಿಸಬೇಕಾದದ್ದು. ಅದನ್ನು ವಿಶ್ವಾಸಕ್ಕೆ ಊರುಗೋಲು ಮಾಡಿದರೆ ಊಹೆಗೂ ಕೇಡು, ವಿಶ್ವಾಸಕ್ಕೂ ಕೇಡು. 1952ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೊರಟವರು ದಾರಿಯಲ್ಲಿ ರೋಮಿನಲ್ಲಿಳಿದು, ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾದ ಯೇಸುಸಭೆಯ ಡೇನಿಯಲ್ ಒಕಾನಲ್ಲರೊಡನೆ ಸಮಾಲೋಚಿಸಿದರು. ಆ ಸೆಪ್ಟೆಂಬರಿನಲ್ಲಿ ಜಗತ್ತಿನ ಖಗೋಳವಿಜ್ಞಾನಿಗಳು ರೋಮಿನಲ್ಲಿ ಸಭೆ ಸೇರಲಿದ್ದರು. ಜಗದ್ಗುರುಗಳು ಅವರನ್ನು ಉದ್ದೇಶಿಸಿ ಮಾತನಾಡಲಿದ್ದರು. ಸೆಪ್ಟೆಂಬರ್ 7ರ ಆ ಭಾಷಣದಲ್ಲಿ ಹಿಂದಿನ ವರ್ಷದ ಮಾತುಗಳು ಮರುಕಳಿಸಲಿಲ್ಲ. ಬಹಿರಂಗವಾಗಿ ಒಂದಕ್ಷರವನ್ನೂ ಆಡದೆ, ವಿಧೇಯತೆಯ ಗೆರೆಯನ್ನೂ ದಾಟದೆ ಈ ಕೆಲಸವನ್ನು ಮಾಡಿಕೊಂಡ ಬಗೆಯನ್ನು ನಾನು ಅವರ ಸಮೀಕರಣಗಳಿಗಿಂತ ಕಡಿಮೆಯೆಂದು ಎಣಿಸಲಾರೆ.

ಇದನ್ನು ಬರೀ ಜಾಣತನವೆಂದು ತಿಳಿಯಬಾರದು. ಲೂವೆನ್ನಿನಲ್ಲಿ ಸಂತ ಥಾಮಸ್ ಅಕ್ವಿನಾಸರ ತತ್ತ್ವಶಾಸ್ತ್ರವನ್ನು ಕಲಿತವರು ಅವರು. ಲೋಕಕ್ಕೆ ಕಾಲದಲ್ಲಿ ಆರಂಭವಿತ್ತೆಂಬುದನ್ನು ಬರಿಯ ತರ್ಕದಿಂದ ಸಾಧಿಸಲಾಗದು, ಅದನ್ನು ನಾವು ವಿಶ್ವಾಸದಿಂದ ಒಪ್ಪುತ್ತೇವೆ ಎಂದು ಥಾಮಸರು ಹದಿಮೂರನೆಯ ಶತಮಾನದಲ್ಲೇ ಹೇಳಿದ್ದರು. ಸೃಷ್ಟಿ ಎಂದರೆ ಎಂದೋ ಒಂದು ದಿನ ಗಡಿಯಾರಕ್ಕೆ ಕೀಲಿ ಕೊಟ್ಟದ್ದಲ್ಲ; ಇರುವ ಪ್ರತಿಯೊಂದೂ ಪ್ರತಿಕ್ಷಣವೂ ದೇವರನ್ನು ಆಧರಿಸಿ ನಿಂತಿರುವುದು. ಭೌತವಿಜ್ಞಾನಿ ಹುಡುಕುವ ಆರಂಭ ಬೇರೆ, ಈ ಸೃಷ್ಟಿ ಬೇರೆ. 1958ರ ಸಾಲ್ವೇ ಸಮ್ಮೇಳನದಲ್ಲಿ ಲೆಮೇತ್ರರು, ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಪೂರ್ತಿ ಹೊರಗಿದೆ, ನಾಸ್ತಿಕನೂ ಅದನ್ನು ನಿರಾತಂಕವಾಗಿ ಒಪ್ಪಬಹುದು ಎಂದರು. ವಿಶ್ವಾಸಿಗಾದರೋ ಪ್ರವಾದಿ ಯೆಶಾಯ ಹೇಳಿದ ಮರೆಯಾಗಿರುವ ದೇವರು ನೆನಪಾಗುತ್ತಾನೆ, ವಿಶ್ವದ ಆರಂಭದಲ್ಲಿಯೂ ಆತ ಮರೆಯಲ್ಲೇ ಇದ್ದಾನೆ ಎಂದೂ ಸೇರಿಸಿದರು. 1931ರಲ್ಲಿ ಗೀಟು ಎಳೆದಿದ್ದ ಮಾತು ಇಪ್ಪತ್ತೇಳು ವರ್ಷ ಒಳಗೇ ಬದುಕಿತ್ತು.

ಈ ನಡುವೆ ಅವರು ಮೇಷ್ಟ್ರಾಗಿಯೇ ಉಳಿದರು. ದೊಡ್ಡ ನಗು, ದೊಡ್ಡ ಹೊಟ್ಟೆ, ಲೆಕ್ಕಯಂತ್ರಗಳ ಹುಚ್ಚು. ವಿಶ್ವವಿದ್ಯಾಲಯಕ್ಕೆ ಮೊದಲ ಎಲೆಕ್ಟ್ರಾನಿಕ್ ಗಣಕಯಂತ್ರ 1958ರಲ್ಲಿ ಬಂದದ್ದು ಅವರಿಂದಲೇ. ಅರುವತ್ತು ದಾಟಿದವರು ಕುಳಿತು ಅದಕ್ಕೆ ಪ್ರೋಗ್ರಾಂ ಬರೆಯಲು ಕಲಿತರು. ಕಾರ್ಡಿನಲ್ ಮೆರ್ಸಿಯೇ ಸ್ಥಾಪಿಸಿದ್ದ ಗುರುಗಳ ಬಳಗವೊಂದಕ್ಕೆ ಸೇರಿ, ಪ್ರತಿವರ್ಷ ಮೌನದ ಧ್ಯಾನಕೂಟಕ್ಕೆ ತಪ್ಪದೆ ಹೋಗುತ್ತಿದ್ದರು. ಲೂವೆನ್ನಿಗೆ ಓದಲು ಬಂದ ಚೀನೀ ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಂಡರು. ಹಾಯ್ಲರೊಡನೆ ವೈರವೂ ಇರಲಿಲ್ಲ. 1957ರಲ್ಲಿ ರೋಮಿನ ಸಭೆಯೊಂದು ಮುಗಿದ ಮೇಲೆ ಹಾಯ್ಲ್ ದಂಪತಿಗಳ ಕಾರಿನಲ್ಲೇ ಇಟಲಿ ಸುತ್ತಿದರು.

ಆದಿಸ್ಫೋಟದ ಕುರುಹು ಇಂದಿಗೂ ಆಕಾಶದಲ್ಲಿ ಉಳಿದಿರಬೇಕೆಂದು ಅವರು ಮೊದಲಿನಿಂದಲೂ ನಂಬಿದ್ದರು. ವಿಶ್ವಕಿರಣಗಳೇ ಆ ಕುರುಹು ಎಂದು ಭಾವಿಸಿ, ಮೆಕ್ಸಿಕೋದ ಮ್ಯಾನುಯೆಲ್ ವಯಾರ್ತಾ ಅವರೊಡನೆ ವರ್ಷಗಟ್ಟಲೆ ಲೆಕ್ಕ ಹಾಕಿದರು. ಆ ಊಹೆ ತಪ್ಪಾಗಿತ್ತು. ನಿಜವಾದ ಕುರುಹು ಕಂಡದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ತಮ್ಮ ಆಂಟೆನಾದ ಗೊರಗೊರ ಶಬ್ದದ ಮೂಲ ತಿಳಿಯದೆ ಒದ್ದಾಡುತ್ತಿದ್ದಾಗ. ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುವ, ಪರಮಶೂನ್ಯಕ್ಕಿಂತ ಸುಮಾರು ಮೂರು ಡಿಗ್ರಿ ಮಾತ್ರ ಮೇಲಿರುವ ಆ ಮಂದ ವಿಕಿರಣದ ಸುದ್ದಿ 1965ರಲ್ಲಿ ಪ್ರಕಟವಾಯಿತು.

1964ರ ಡಿಸೆಂಬರಿನಲ್ಲಿ ಹೃದಯಾಘಾತಕ್ಕೆ ತುತ್ತಾದ ಮೇಲೆ ಲೆಮೇತ್ರರ ಆರೋಗ್ಯ ಮತ್ತೆ ಚೇತರಿಸಿರಲಿಲ್ಲ. 1966ರ ಜೂನಿನಲ್ಲಿ ಲೂವೆನ್ನಿನ ಆಸ್ಪತ್ರೆಯಲ್ಲಿದ್ದ ಅವರನ್ನು ನೋಡಲು, ಬಹುಕಾಲದ ಸಹಾಯಕರಾಗಿದ್ದ ಓದೋನ್ ಗೊದಾರ್ ಬಂದರು. ಹಾಸಿಗೆಯ ಪಕ್ಕದಲ್ಲಿ ಕುಳಿತು ನ್ಯೂಜೆರ್ಸಿಯ ಸುದ್ದಿ ಹೇಳಿದರು. ರೋಗಿ ಸಂತೋಷಪಟ್ಟರು. ಆ ತಿಂಗಳ 20ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಹುಟ್ಟೂರಿನ ಬಳಿಯ ಮಾರ್ಸಿನೆಲ್ ಸಮಾಧಿಭೂಮಿಯಲ್ಲಿ ಅವರನ್ನು ಮಣ್ಣು ಮಾಡಿದರು.